ಮಾಗಡಿ ಹೆಬ್ಬಾತು, ರಾಣೇಬೆನ್ನೂರ ಚಿಗರಿ, ಕಪ್ಪತಗುಡ್ಡದ ಸೆರಗು: ಫೋಟೋಕ್ಕೆ ಎಲ್ಲಿ ಕೂರಬೇಕು, ಎಷ್ಟು ಹತ್ತಿರ ಹೋಗಬಹುದು?

ಕೆಳಗೇರಿ_ದಂಡೆ

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ನಸುಕಿನಲ್ಲಿ ಹೊರಟು ಮಧ್ಯಾಹ್ನದೊಳಗೆ ಮರಳುವಂಥ ಜಾಗಗಳ ಬಗ್ಗೆ ಕೇಳುತ್ತಿದ್ದೇನೆ. ಮಾಗಡಿ ಕೆರೆಯ ಹೆಬ್ಬಾತು, ರಾಣೇಬೆನ್ನೂರ ಕಡೆಯ ಚಿಗರಿ (ಕೃಷ್ಣಮೃಗ), ಸಾಧ್ಯವಾದರೆ ಕಪ್ಪತಗುಡ್ಡದ ಸೆರಗಿನ ನರಿ. ಕ್ಯಾಮೆರಾ ಎಪಿಎಸ್-ಸಿ ಸೆನ್ಸರ್‌ನದು, ಲೆನ್ಸ್ 100-400. ಈಗ ಬರುವ ಚಿತ್ರಗಳಲ್ಲಿ ಪ್ರಾಣಿ ಕಡ್ಲಿಕಾಳಿನಷ್ಟು ಕಾಣುತ್ತದೆ, ಇನ್ನೊಂದಿಷ್ಟು ಮುಂದೆ ಹೋದರೆ ಓಡಿಹೋಗುತ್ತದೆ. 600 ಎಂಎಂ ಲೆನ್ಸ್ ತಗೊಂಡರೆ ಸರಿಹೋದೀತೋ, ಇಲ್ಲಾ ನಿಲ್ಲುವ ಜಾಗವೇ ತಪ್ಪೋ? ಕೆಳಗೇರಿ, ನವಲೂರು ಕೆರೆಗಳ ಮಿಂಚುಳ್ಳಿಯದೂ ಇದೇ ತೊಂದರೆ. ಸಮಯ ಡಿಸೆಂಬರ್‌ನಿಂದ ಫೆಬ್ರವರಿ.

ಶಿಗ್ಗಾಂವಿ_ಬೆಳಕು

ಲೆನ್ಸ್ ಸಾಕು. ಮೊದಲು ಅಳತೆಯ ಲೆಕ್ಕ ತಲೆಯಲ್ಲಿ ಕೂತರೆ ಅರ್ಧ ಗೊಂದಲ ಹೋಗುತ್ತದೆ.

ನಿಮ್ಮ ಕ್ಯಾಮೆರಾದಲ್ಲಿ 400 ಎಂಎಂ ಇಟ್ಟಾಗ 50 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ಸುಮಾರು 3 ಮೀಟರ್, ಎತ್ತರ 2 ಮೀಟರ್. ದೂರ ಎರಡು ಪಟ್ಟಾದರೆ ಅಗಲವೂ ಎರಡು ಪಟ್ಟು. ಬೆಳೆದ ಗಂಡು ಚಿಗರಿ ಉದ್ದದಲ್ಲಿ ಸುಮಾರು 1.2 ಮೀಟರ್. ಹಾಗಾಗಿ 50 ಮೀಟರಿಗೆ ಅದು ಅಗಲದ ಐದರಲ್ಲಿ ಎರಡು ಪಾಲು ತುಂಬುತ್ತದೆ, ಅಷ್ಟಿದ್ದರೆ ಚಿತ್ರಕ್ಕೆ ಧಾರಾಳ. 100 ಮೀಟರಿಗೆ ಐದರಲ್ಲೊಂದು ಪಾಲು. ಸುತ್ತಲಿನ ಹೊಲ, ಆಕಾಶ ಸೇರಿಸಿ ತೆಗೆಯಲು ಅದೂ ಸಾಲುತ್ತದೆ. ಹೆಬ್ಬಾತು ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್, ಅಂದರೆ 50 ಮೀಟರಿಗೆ ಅರ್ಧ ಚೌಕಟ್ಟು. ಸಣ್ಣ ನೀಲಿ ಮಿಂಚುಳ್ಳಿ ಬರೀ 16-17 ಸೆಂಟಿಮೀಟರ್. ಅದು ಕಾಲು ಚೌಕಟ್ಟು ತುಂಬಬೇಕಾದರೆ ನೀವು 11 ಮೀಟರಿನಲ್ಲಿ ಇರಬೇಕು. ಚಿಗರಿಗೆ ಬೇಕಾದ ತಂತ್ರವೇ ಬೇರೆ, ಮಿಂಚುಳ್ಳಿಗೆ ಬೇಕಾದ ತಂತ್ರವೇ ಬೇರೆ ಅನ್ನುವುದು ಈ ಒಂದು ಲೆಕ್ಕದಲ್ಲೇ ತಿಳಿಯುತ್ತದೆ.

600 ತಗೊಂಡರೆ ಏನಾದೀತು? 50 ಮೀಟರಿನಿಂದ ಬರುವ ಚಿತ್ರ 75 ಮೀಟರಿನಿಂದ ಬರುತ್ತದೆ, ಅಷ್ಟೇ. ಆದರೆ ನಡುವಿನ ಗಾಳಿಯೂ 25 ಮೀಟರ್ ಹೆಚ್ಚಾಯಿತು. ಎರೆ (ಕಪ್ಪು ಮಣ್ಣಿನ) ಹೊಲ ಬಿಸಿಲಿಗೆ ಬೇಗ ಕಾಯುತ್ತದೆ. ಜನವರಿಯಲ್ಲೇ ಒಂಬತ್ತೂವರೆ ದಾಟಿದರೆ ನೆಲದ ಮೇಲಿನ ಗಾಳಿ ಕುದಿಯುವ ನೀರಿನಂತೆ ಅಲುಗಾಡಲು ಶುರು. ಆಮೇಲೆ ಎಷ್ಟೇ ದುಬಾರಿ ಲೆನ್ಸ್ ಇದ್ದರೂ ಕೂದಲು, ಕಣ್ಣು ಹರಿತವಾಗಿ ಬರುವುದಿಲ್ಲ. ಫೋಕಸ್ ಕೆಟ್ಟಿದೆ ಅಂದುಕೊಂಡು ಕ್ಯಾಮೆರಾವನ್ನು ರಿಪೇರಿಗೆ ಕೊಡುವವರು ಬಹಳ. ಗುರುತು ಹೀಗೆ: ಒಂದೇ ಸೆಟ್ಟಿಂಗ್‌ನಲ್ಲಿ ಸತತ ಹತ್ತು ಚಿತ್ರ ತೆಗೆದಾಗ ಪ್ರತಿಯೊಂದರಲ್ಲೂ ಕೊಂಬಿನ ಅಂಚು ಬೇರೆ ಬೇರೆ ಥರ ಸೊಟ್ಟಗಿದ್ದರೆ ಅದು ಬಿಸಿಗಾಳಿಯ ಕೆಲಸ. ಹತ್ತೂ ಒಂದೇ ಥರ ಮಸುಕಾಗಿದ್ದರೆ ಫೋಕಸ್ ನೋಡಿ.

ದೂರ ಅಂದಾಜು ಮಾಡಲು ಹೊಲದ ಕರೆಂಟ್ ಕಂಬಗಳ ನಡುವಿನ ಅಂತರವನ್ನು ಒಮ್ಮೆ ಹೆಜ್ಜೆ ಹಾಕಿ ಅಳೆದಿಟ್ಟುಕೊಳ್ಳಿ.

ಮುಳಗುಂದ_ನಾಕಾ

ಮಾಗಡಿ ಬಗ್ಗೆ ನಾನು ಹೇಳತೇನಿ. ಶಿರಹಟ್ಟಿ ತಾಲೂಕಿನ ಈ ಕೆರೆ ಗದಗಿನಿಂದ 26 ಕಿ.ಮೀ. ಆಗುತ್ತದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು-ಕೆರೆಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ, ಅದಕ್ಕೂ ಮೊದಲೇ ಸಂರಕ್ಷಣಾ ಮೀಸಲು ಆಗಿತ್ತು. ಪಟ್ಟೆತಲೆ ಹೆಬ್ಬಾತುಗಳು ನವೆಂಬರ್ ಹೊತ್ತಿಗೆ ಇಳಿಯಲು ಶುರು ಮಾಡಿ ಫೆಬ್ರವರಿ-ಮಾರ್ಚ್‌ವರೆಗೆ ಇರುತ್ತವೆ. ಅವು ಹೊಟ್ಟೆ ತುಂಬಿಸಿಕೊಳ್ಳುವುದು ಕೆರೆಯಲ್ಲಲ್ಲ, ಸುತ್ತಲಿನ ಹೊಲಗಳಲ್ಲಿ. ಕೆರೆ ಅವಕ್ಕೆ ದಣಿವಾರಿಸಿಕೊಳ್ಳುವ ಜಾಗ. ಮೇವಿಗೆ ಹೋದ ಹಿಂಡು ಬಿಸಿಲೇರಿದಂತೆ ಕೆರೆಗೆ ಬರುತ್ತದೆ. ಇದನ್ನು ತಿಳಿದರೆ ಹಕ್ಕಿಯ ಹಿಂದೆ ಓಡುವ ಕೆಲಸವೇ ಇಲ್ಲ. ಅವು ಬರುವ ದಾರಿಯಲ್ಲಿ ಮೊದಲೇ ಕೂತಿರಬೇಕು.

ಎಲ್ಲಿ ಕೂರಬೇಕು? ನಮ್ಮ ಕಡೆಯ ಚಳಿಗಾಲದ ಒಂದು ದೊಡ್ಡ ಅನುಕೂಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಡಿಸೆಂಬರ್-ಜನವರಿಯಲ್ಲಿ ಹೆಚ್ಚಿನ ದಿನ ಬೀಸುವುದು ಮೂಡಗಾಳಿ. ಬೆಳಕೂ ಮೂಡಲಿಂದಲೇ ಬರುತ್ತದೆ. ದೊಡ್ಡ ಹಕ್ಕಿಗಳು ಇಳಿಯುವುದು, ಏಳುವುದು ಎರಡೂ ಗಾಳಿಗೆ ಎದುರಾಗಿ. ನೀವು ಕೆರೆಯ ಮೂಡಣ ಅಂಚಿನಲ್ಲಿ ಪಡುವಣಕ್ಕೆ ಮುಖ ಮಾಡಿ ಕೂತರೆ ಸೂರ್ಯ ಬೆನ್ನಿಗೆ, ಗಾಳಿಯೂ ಬೆನ್ನಿಗೆ, ಹಿಂಡು ನಿಮ್ಮ ಕಡೆಗೇ ಮುಖ ಮಾಡಿ ರೆಕ್ಕೆ ಹರವಿ ಇಳಿಯುತ್ತದೆ. ಸಂಜೆ ಅದೇ ಮೂಡಗಾಳಿ ಇದ್ದರೆ ಲೆಕ್ಕ ತಿರುವುಮುರುವು. ಬೆಳಕು ಪಡುವಣದ್ದು, ಹಕ್ಕಿಯ ಮುಖ ಮೂಡಣಕ್ಕೆ, ನಿಮಗೆ ಸಿಗುವುದು ಬೆಳಗಿದ ಬಾಲ. ಮಾಗಡಿಗೆ ಮುಂಜಾನೆಯೇ ಹೋಗಬೇಕು ಅನ್ನುವುದು ಇದಕ್ಕೆ.

ಇನ್ನೂ ಸೂಕ್ಷ್ಮವಾಗಿ ಹೇಳಬೇಕೆಂದರೆ, ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ನೇರ ಮೂಡಣದಲ್ಲಲ್ಲ. ಅಲ್ಲಿಂದ ಸುಮಾರು 24 ಡಿಗ್ರಿ ತೆಂಕಣಕ್ಕೆ ಸರಿದಿರುತ್ತಾನೆ. ಆಗ್ನೇಯದ ಅಂಚು ಇನ್ನೂ ಒಳ್ಳೆಯದು. ಜನವರಿ ಮೊದಲರ್ಧದಲ್ಲಿ ಬೆಳಗಾಗುವುದು ಸುಮಾರು 7 ಗಂಟೆಗೆ. ನೀವು 6:15ಕ್ಕೆ ಕೂತುಬಿಟ್ಟಿರಬೇಕು. ಬೆಳಕು ಬಿಟ್ಟ ಮೇಲೆ ದಂಡೆ ಹತ್ತಿದರೆ ಆಕಾಶದ ಮೇಲೆ ನಿಮ್ಮ ಆಕಾರ ಕರ್ರಗೆ ಮೂಡಿ ಇಡೀ ಕೆರೆಗೆ ಕಾಣುತ್ತದೆ. ಏರಿಯ ನೆತ್ತಿಯ ಮೇಲೆ ಎಂದೂ ನಡೆಯಬೇಡಿ. ಇಳಿಜಾರಿನಲ್ಲಿ, ತಲೆ ಏರಿಗಿಂತ ಕೆಳಗಿರುವಂತೆ ನಡೆಯಿರಿ.

ಹೆಬ್ಬಾತಿನ ಕೊರಳು ನೋಡಿ ಕಲಿಯಿರಿ. ಕೊರಳು ಮಡಚಿ ಕೊಕ್ಕು ಬೆನ್ನಿನೊಳಗಿಟ್ಟಿದ್ದರೆ ನೆಮ್ಮದಿ. ನಾಲ್ಕಾರು ಕೊರಳು ಕೋಲಿನಂತೆ ನೆಟ್ಟಗಾದರೆ ನೀವು ಹೆಚ್ಚು ಹತ್ತಿರ ಬಂದಿರಿ ಅಂತ ಅರ್ಥ, ಅಲ್ಲೇ ಕೂತುಬಿಡಿ. ತಲೆ ಕೊಡವುತ್ತಾ ಕೂಗು ಜೋರಾದರೆ ಇನ್ನೇನು ಏಳುತ್ತವೆ. ನಿಮ್ಮಿಂದಾಗಿ ಹಾಗೆ ಆಗುತ್ತಿದ್ದರೆ ಹಿಂದೆ ಸರಿಯಿರಿ. ತಾವಾಗೇ ಹೊರಡುತ್ತಿದ್ದರೆ ಕ್ಯಾಮೆರಾ ಎತ್ತಿ.

ಕೊರಳಲ್ಲಿ ಹಸಿರು ಪಟ್ಟಿ ಕಂಡರೆ ಅದರ ಅಕ್ಷರ-ಅಂಕಿ ಓದುವಂತೆ ಒಂದು ಚಿತ್ರ ತೆಗೆಯಿರಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅಂದಕ್ಕಿಂತ ಆ ಚಿತ್ರದ ಬೆಲೆ ದೊಡ್ಡದು.

ಎರೆಹೊಲ

ಚಿಗರಿ ವಿಚಾರ ನಾ ಹೇಳ್ತೀನಿ ನೋಡ್ರಿ. ರಾಣೇಬೆನ್ನೂರ ಅಭಯಾರಣ್ಯ 1974ರದ್ದು, 119 ಚದರ ಕಿ.ಮೀ. ಐತಿ. ಒಳಗ ನೀಲಗಿರಿ ನೆಡುತೋಪು ಭಾಳ, ಚಿಗರಿಗೆ ಬೇಕಾಗೂದು ಬಯಲು. ಅದಕ್ಕ ಮುಂಜಾನಿ ಸಂಜಿ ಅಂಚಿನ ಹೊಲಕ್ಕ ಬರ್ತಾವ. ಅಂಚಿನ ಹೊಲದಾಗ ನೋಡಬೇಕಂದ್ರ ಹೊಲದ ಮಾಲಕರನ್ನ ಕೇಳಿ ಕಾಲಿಡ್ರಿ, ಬದುವಿನ ಮ್ಯಾಲ ನಡೀರಿ, ಸಾಲು ತುಳೀಬ್ಯಾಡ್ರಿ. ಗದಗ, ಮುಂಡರಗಿ, ಲಕ್ಷ್ಮೇಶ್ವರ ಕಡೆ ಎರೆಯೊಳಗೂ ಹಿಂಡು ಅದಾವ.

ಚಿಗರಿ ಮುಖ್ಯವಾಗಿ ಕಣ್ಣಿಂದ ಬದುಕೂ ಪ್ರಾಣಿ. ಬಯಲಾಗ ನಿಮ್ಮನ್ನ ಅದು ಅರ್ಧ ಕಿಲೋಮೀಟರ್‌ನಿಂದನ ನೋಡಿರ್ತೈತಿ. ಹಂಗಾಗಿ ಅಡಗಿ ಹೋಗೂದಕ್ಕಿಂತ ಅಂಜಿಕಿ ಹುಟ್ಟದಂಗ ಹೋಗೂದು ಮುಖ್ಯ. ನೆಟ್ಟಗ ಅದರ ಕಡೆ ನಡೀಬ್ಯಾಡ್ರಿ. ಅದನ್ನ ದಾಟಿ ಎಲ್ಲಿಗೋ ಹೊಂಟವರಂಗ ಓರೆಯಾಗಿ ನಡೀರಿ, ಬಲಕ್ಕ 40 ಹೆಜ್ಜಿ, ಎಡಕ್ಕ 40 ಹೆಜ್ಜಿ, ಪ್ರತಿ ಸಲ ಹತ್ತು ಹೆಜ್ಜಿ ಮಾತ್ರ ಹತ್ರ. ತಲಿ ಎತ್ತಿ ನಿಮ್ಮನ್ನ ನೋಡಿತಂದ್ರ ನಿಂದರ್ರಿ. ದಿಟ್ಟಿಸಿ ನೋಡಬ್ಯಾಡ್ರಿ, ಕ್ಯಾಮೆರಾ ಏರಿಸಬ್ಯಾಡ್ರಿ. ಮತ್ತ ಮೇಯಾಕ ತಲಿ ತಗ್ಗಿಸಿದ ಮ್ಯಾಲ ಒಂದು ನಿಮಿಷ ಬಿಟ್ಟು ಮುಂದ. ಮುಂಗಾಲು ನೆಲಕ್ಕ ಬಡಿದ್ರ, ಹೆಣ್ಣು ಒಂದೆರಡು ನಾಲ್ಕೂ ಕಾಲು ಎತ್ತಿ ಚಂಗನ ಜಿಗಿದ್ರ ಮುಗೀತು, ಹಿಂಡು ಹೊಂಡತೈತಿ. ಆ ಮುಂಜಾನಿ ಆ ಹಿಂಡಿನ ಬೆನ್ನು ಹತ್ತಬ್ಯಾಡ್ರಿ. ಎರಡನೇ ಸಲ ಓಡಿಸಿದ್ರ ಮೊದಲಿನ ದೂರಕ್ಕಿಂತ ದುಪ್ಪಟ್ಟು ದೂರದಿಂದನ ಓಡತಾವ, ಗಬ್ಬದ ಹೆಣ್ಣಿದ್ರ ಅದಕ್ಕ ತ್ರಾಸು.

ಇದಕ್ಕೂ ಚಲೋ ದಾರಿ ಒಂದೈತಿ. ಗಂಡು ಚಿಗರಿ ತನ್ನ ಜಾಗ ಹಿಕ್ಕಿ ಗುಡ್ಡಿ ಹಾಕಿ ಗುರುತು ಮಾಡಿರ್ತೈತಿ. ಒಂದ ಜಾಗದಾಗ ಹಳೇ ಹಿಕ್ಕಿ, ಹೊಸ ಹಿಕ್ಕಿ ಎರಡೂ ಕೂಡಿ ಹಾಸಿಗಿಯಂಗ ಹರಡಿದ್ರ ಅದು ದಿನಾ ಬರೂ ಜಾಗ. ಹೊಸದು ಕರ್ರಗ ಹೊಳೀತಿರ್ತೈತಿ, ಹಳೇದು ಬೂದಿ ಬಣ್ಣ. ಅಲ್ಲಿಂದ 60-70 ಮೀಟರ್ ದೂರ, ಮೂಡಣಕ್ಕ, ಬದುವಿನ ಹಿಂದ ಇಲ್ಲಾ ಕಣಿಕಿ ಬಣವಿ ನೆರಳಾಗ ಕತ್ತಲಿರೂವಾಗನ ಕುಂದರ್ರಿ. ಗಂಡು ತಾನ ಬರ್ತೈತಿ. ಫೆಬ್ರವರಿ-ಮಾರ್ಚ್‌ನ್ಯಾಗ ಬೆದಿ ಜೋರಿರೂದರಿಂದ ಗಂಡು ಮೂತಿ ಮ್ಯಾಲೆತ್ತಿ, ಕೊಂಬು ಬೆನ್ನಿಗೆ ಹಚ್ಚಿ, ಕಣ್ಣಿನ ಕೆಳಗಿನ ಗ್ರಂಥಿ ಬಿಚ್ಚಿ ನಡೀತೈತಿ. ಆ ನಡಿಗಿಗೆ ಕಾಯಬೇಕು.

ಎಳ್ಳ ಅಮವಾಸಿ ದಿನ ಮಾತ್ರ ಹೋಗಬ್ಯಾಡ್ರಿ. ಎಲ್ಲಾ ಹೊಲದಾಗೂ ಚರಗ ಚೆಲ್ಲಾಕ ಮಂದಿ ಬಂದಿರ್ತಾರ, ಚಿಗರಿ ಒಳಗ ಸೇರಿರ್ತಾವ.

ಕೆಳಗೇರಿ_ದಂಡೆ

ಎಲ್ಲರಿಗೂ ಧನ್ಯವಾದ. ಒಂದು ಗೊಂದಲ: ಗಾಳಿಗೆ ಎದುರಾಗಿ ಪ್ರಾಣಿಯ ಕಡೆ ಹೋಗಬೇಕು ಅಂತ ಎಲ್ಲ ಕಡೆ ಓದಿದ್ದೆ. ಮುಳಗುಂದ ನಾಕಾ ಅವರು ಗಾಳಿ ಬೆನ್ನಿಗಿರಲಿ ಅಂತಿದ್ದಾರೆ. ಯಾವುದು ಸರಿ? ಇನ್ನೊಂದು, ಕಾರಿನಲ್ಲೇ ಕೂತು ತೆಗೆಯಬಹುದೇ?

ಕಪ್ಪತ_ಸೆರಗು

ಎರಡೂ ಸರಿ, ಪ್ರಾಣಿ ಬೇರೆ ಅಷ್ಟೇ. ಬಹುತೇಕ ಹಕ್ಕಿಗಳು ವಾಸನೆಯಿಂದ ನಿಮ್ಮನ್ನು ಗುರುತಿಸುವುದಿಲ್ಲ, ಹಾಗಾಗಿ ಅಲ್ಲಿ ಗಾಳಿಯ ಕೆಲಸ ಹಾರಾಟದ ದಿಕ್ಕು ನಿರ್ಧರಿಸುವುದು. ಎರೆಹೊಲ ಅಣ್ಣಾರು ಹೇಳಿದಂತೆ ಚಿಗರಿ ಹೆಚ್ಚಾಗಿ ಕಣ್ಣನ್ನೇ ನಂಬುತ್ತದೆ. ನರಿ, ತೋಳ, ಕತ್ತೆಕಿರುಬಗಳದು ಮೂಗು. ಮೂಡಗಾಳಿ ಬೀಸುವ ಮುಂಜಾನೆ ಮೂಡಣದಲ್ಲಿ ಕೂತರೆ ನಿಮ್ಮ ಬೆವರು, ಸೋಪು, ಹಚ್ಚಿಕೊಂಡ ಸೊಳ್ಳೆ ಮುಲಾಮು ಎಲ್ಲ ನೆಟ್ಟಗೆ ಅವುಗಳ ಮೂಗಿಗೆ ಹೋಗುತ್ತದೆ. ಪಡುವಣದಲ್ಲಿ ಕೂತರೆ ವಾಸನೆ ಸಿಗದು, ಆದರೆ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ. ಇದಕ್ಕೆ ದಾರಿ: ಪ್ರಾಣಿ ಬರುವ ಜಾಗದ ತೆಂಕಣಕ್ಕೆ ಕೂತು ಬಡಗಣಕ್ಕೆ ಮುಖ ಮಾಡಿ. ಗಾಳಿ ಬಲದಿಂದ ಎಡಕ್ಕೆ ಅಡ್ಡ ಹಾಯುತ್ತದೆ, ಬೆಳಕು ಬಲ ಹಿಂಬದಿಯಿಂದ ಬೀಳುತ್ತದೆ. ಕೂದಲಿನ ಒರಟು ಆ ಬೆಳಕಿನಲ್ಲಿ ಚೆನ್ನಾಗಿ ಎದ್ದು ಕಾಣುತ್ತದೆ. ಗಾಳಿ ನೋಡಲು ಒಂದು ಚಿಟಿಕೆ ಬೂದಿ ಇಲ್ಲವೇ ಹತ್ತಿಯ ಎಳೆ ಬಿಟ್ಟು ನೋಡಿ. ಬಡಗಣಕ್ಕೋ ತೆಂಕಣಕ್ಕೋ ತಿರುಗಿದ್ದರೆ ಜಾಗ ಬದಲಿಸಿ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ವಿಸ್ತೀರ್ಣ 244.15 ಚದರ ಕಿ.ಮೀ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನ ಪ್ರಕಾರ ಅಭಯಾರಣ್ಯದೊಳಗೆ ಹೋಗಲು, ಫೋಟೋ ತೆಗೆಯಲು ಅನುಮತಿ ಬೇಕು. ರಾಣೇಬೆನ್ನೂರಿಗೂ ಇದೇ ನಿಯಮ. ಮೊದಲು ಆಯಾ ವಲಯ ಅರಣ್ಯ ಕಚೇರಿಗೆ ಹೋಗಿ ಕೇಳಿ. ಡ್ರೋನ್ ಮನೆಯಲ್ಲೇ ಇರಲಿ.

ಸೆರಗಿನ ಹಳ್ಳ, ಮಸಾರಿ ಹೊಲ, ಕುರಿ ಮೇಯುವ ಬಯಲುಗಳಲ್ಲೇ ನರಿ ಕಾಣುವುದು ಹೆಚ್ಚು. ಹಳ್ಳದ ಉಸುಕಿನಲ್ಲಿ ಮುಂಜಾನೆ ಹೆಜ್ಜೆ ನೋಡಿ. ನಾಯಿಯ ಹೆಜ್ಜೆ ಅಡ್ಡಾದಿಡ್ಡಿ ಅಲೆಯುತ್ತದೆ, ನರಿಯದು ಸಣ್ಣದಾಗಿ ಒಂದೇ ಗೆರೆಯಲ್ಲಿ ಪೋಣಿಸಿದಂತೆ ಹೋಗುತ್ತದೆ. ಮೂರು ಮುಂಜಾನೆ ಒಂದೇ ಕಡೆ ಹೊಸ ಹೆಜ್ಜೆ ಕಂಡರೆ ಅಲ್ಲಿಂದ 40 ಮೀಟರ್ ತೆಂಕಣಕ್ಕೆ ನಿಮ್ಮ ಜಾಗ.

ಬಿಲ ಹುಡುಕಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಚಳಿಗಾಲ ತೋಳ ಮರಿ ಹಾಕುವ ಕಾಲ, ಬೇಸಿಗೆಯ ಮೊದಲ ಭಾಗ ನರಿ ಮರಿಗಳು ಬಿಲದ ಬಾಯಿಗೆ ಬರುವ ಕಾಲ. ಕುರಿ ಕಾಯುವವರಿಗೆ ಬಿಲಗಳು ಗೊತ್ತಿರುತ್ತವೆ, ದುಡ್ಡು ಕೊಟ್ಟು ತೋರಿಸಿ ಅನ್ನುವವರೂ ಇದ್ದಾರೆ. ಮನುಷ್ಯರ ವಾಸನೆ ಬಿದ್ದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ. ಬಯಲಿನಲ್ಲಿ ಆ ಸಾಗಾಟದ ಹೊತ್ತಿನಲ್ಲೇ ನಾಯಿಗಳಿಗೆ ಮರಿ ಸಿಗುವುದು. ನಿಮ್ಮ ಬೂಟಿನ ಗುರುತು ನೋಡಿಕೊಂಡು ತೋಳದ ಮೇಲೆ ಸಿಟ್ಟಿರುವವರೂ ಅಲ್ಲಿಗೆ ತಲುಪಬಹುದು.

ಎರೆಹೊಲ

ಗಾಡಿ ಬಗ್ಗೆ. ಚಿಗರಿಗೆ ಟ್ರ್ಯಾಕ್ಟರ್, ಚಕ್ಕಡಿ, ಬೈಕು ದಿನಾ ಕಾಣೂ ವಸ್ತು. ಕಾಲ್ನಡಿಗಿಯಿಂದ ನೂರು ಮೀಟರಿಗೆ ಓಡೂ ಹಿಂಡು ಗಾಡಿ ಇದ್ರ ಅರ್ಧಕ್ಕೂ ನಿಂದರ್ತೈತಿ. ಆದ್ರ ಗಾಡಿ ದಾರಿ ಬಿಟ್ಟು ಹೊಲಕ್ಕ ಇಳೀಬಾರ್ದು. ಕಾರಿನಾಗ ಆಗೂ ತಪ್ಪು ಇವು ನೋಡ್ರಿ. ಹಿಂಡಿನ ಎದುರಿಗೆ ಬಂದ ಮ್ಯಾಲ ಬ್ರೇಕ್ ಹಾಕೂದು: ಒಮ್ಮಿಗೆಲೆ ಸಪ್ಪಳ ನಿಂತ್ರ ಅವು ಅಂಜತಾವ. 150 ಮೀಟರ್ ಇರೂವಾಗನ ಆ್ಯಕ್ಸಿಲರೇಟರ್ ಬಿಟ್ಟು, ಉರುಳಿಕೊಂತ ಹೋಗಿ ನಿಂತು, ಎಂಜಿನ್ ಆರಿಸಿ ಎರಡು ನಿಮಿಷ ಗಪ್ಪಗ ಕುಂದರ್ರಿ. ಬಾಗಿಲ ತಗೀಬ್ಯಾಡ್ರಿ. ಕಾರಿನ ಆಕಾರ ಒಡದು ಮನುಷ್ಯಾ ಹೊರಗ ಬಂದ್ರ ಹಿಂಡು ಹೋಗಿಬಿಡ್ತೈತಿ. ಡ್ರೈವರ್ ಬಲಕ್ಕ ಇರೂದರಿಂದ ಹಿಂಡು ಬಲಕ್ಕ, ಸೂರ್ಯ ಎಡಕ್ಕ ಬರೂವಂಗ ದಾರಿ ಆರಿಸ್ರಿ. ಅಂದ್ರ ಮುಂಜಾನಿ ತೆಂಕಣಕ್ಕ ಮುಖ ಮಾಡಿ ಹೋಗೂ ದಾರಿ.

ಒಂದು ಹದಾ ಮಳಿ ಬಿದ್ರ ಎರೆ ದಾರಿಗೆ ಕಾರು ಒಯ್ಯಬ್ಯಾಡ್ರಿ. ಮಣ್ಣು ಗಾಲಿಗೆ ಹತ್ತಿ ಮಡ್‌ಗಾರ್ಡ್ ತುಂಬಿ ಗಾಲಿ ತಿರುಗೂದ ನಿಂದರ್ತೈತಿ. ಎರಡು ದಿನ ಚಲೋ ಬಿಸಿಲು ಬೀಳಲಿ. ದಾರಿ ಕೆಟ್ರ ಮರುದಿನ ಚಕ್ಕಡಿ ಹೊಡಿಯೋ ರೈತಗ ತ್ರಾಸು.

ಶಿಗ್ಗಾಂವಿ_ಬೆಳಕು

ಇದಕ್ಕೆ ಒಂದು ಸೇರಿಸುತ್ತೇನೆ. ಕಾರಿನ ಕಿಟಕಿಯಿಂದ ತೆಗೆಯುವಾಗ ಏಸಿ, ಹೀಟರ್ ಎರಡೂ ಬೇಡ. ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಬಿಸಿ ಬೇರೆಯಿದ್ದರೆ ಕಿಟಕಿಯಲ್ಲಿ ಅವೆರಡೂ ಕಲಸಿ, ಮುಂಜಾನೆಯ ತಂಪಿನಲ್ಲೂ ಚಿತ್ರ ಅಲುಗಾಡಿದಂತೆ ಬರುತ್ತದೆ. ಜಾಗ ತಲುಪುವ ಹತ್ತು ನಿಮಿಷ ಮೊದಲೇ ಎಲ್ಲ ಕಿಟಕಿ ಇಳಿಸಿ. ಬಾನೆಟ್ ಮೇಲಿಂದ ಲೆನ್ಸ್ ಹಾಯಿಸಬೇಡಿ, ಎಂಜಿನ್ ಬಿಸಿ ಏಳುತ್ತಿರುತ್ತದೆ.

ಸೆಟ್ಟಿಂಗ್ ಕೇಳಿಲ್ಲ, ಆದರೂ ಸಂಕ್ಷೇಪವಾಗಿ: ಇಳಿಯುವ ಹೆಬ್ಬಾತಿಗೆ ಶಟರ್ 1/2000, ನಡೆಯುವ ಚಿಗರಿಗೆ 1/800, ಜಿಗಿಯುವಾಗ 1/2500. ಲೆನ್ಸ್ ಪೂರ್ತಿ ತೆರೆದಿರಲಿ, ಐಎಸ್ಒ ಆಟೋದಲ್ಲಿ 6400ರ ಮಿತಿ ಹಾಕಿ. ಗಂಡು ಚಿಗರಿಯ ಬೆನ್ನು ಕಪ್ಪು, ಹೊಟ್ಟೆ ಅಚ್ಚ ಬಿಳಿ. ಕ್ಯಾಮೆರಾದ ಬೆಳಕಿನ ಮೀಟರ್ ಕಪ್ಪನ್ನು ನೋಡಿ ಬೆಳಕು ಏರಿಸಿದರೆ ಹೊಟ್ಟೆ, ಕಣ್ಣಿನ ಸುತ್ತಿನ ಬಿಳಿ ಸುಟ್ಟುಹೋಗುತ್ತದೆ. ಬಿಸಿಲಿನಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಬೆಳಕು ಏರಿಸಿ ಇಳಿಸುವ ಸೆಟ್ಟಿಂಗ್) -0.7 ಇಟ್ಟು ರಾ ಫೈಲಿನಲ್ಲಿ ತೆಗೆಯಿರಿ. ಬೆಳ್ಳಕ್ಕಿಗೂ ಬಿಸಿಲಿನಲ್ಲಿ ಹೀಗೇ ಇಳಿಸಬೇಕು. ಆದರೆ ಬಿಳಿ ಮೋಡದ ಆಕಾಶಕ್ಕೆ ಎದುರಾಗಿ ಹಾರುವ ಹೆಬ್ಬಾತಿಗೆ +1 ಬೇಕು, ಇಲ್ಲವಾದರೆ ಬರೀ ಕಪ್ಪು ಆಕಾರ ಸಿಗುತ್ತದೆ.

ಸುತಳಿ_ಗೋಣಿ

ಮಿಂಚುಳ್ಳಿಗೆ 11 ಮೀಟರ್ ಅಂದ್ರಲ್ಲ, ಅದಕ್ಕ ಮರೆ ಬೇಕೇ ಬೇಕು. ದುಬಾರಿ ಟೆಂಟ್ ಅಗತ್ಯ ಇಲ್ಲ.

5 ಅಡಿಯ ನಾಲ್ಕು ಬಿದಿರು ಗಳ, ಮೇಲ್ಭಾಗಕ್ಕೆ 4 ಅಡಿಯ ನಾಲ್ಕು. 75 ಪರ್ಸೆಂಟಿನ ಹಸಿರು ಶೇಡ್ ನೆಟ್ 7 ಮೀಟರ್, ಬಿಚ್ಚಿದ ಗೋಣಿಚೀಲ 6, ಸುತಳಿ ಒಂದು ಉಂಡೆ. ಗಳಗಳನ್ನು ಅರ್ಧ ಅಡಿ ನೆಲದೊಳಗೆ ಊರಿ, 4 ಅಡಿ ಚೌಕ, ನಾಲ್ಕೂವರೆ ಅಡಿ ಎತ್ತರ ಮಾಡಿ. ಹೊರಗೆ ನೆಟ್, ಒಳಗೆ ಗೋಣಿ. ಬೆನ್ನಿನ ಕಡೆ ಗೋಣಿ ಎರಡು ಪದರ ಇರಲಿ, ಅದು ಬಹಳ ಮುಖ್ಯ. ಹಿಂದಿನಿಂದ ಬೆಳಕು ಬಂದರೆ ನೆಟ್ಟಿನೊಳಗೆ ನೀವು ಕದಲುವುದು ನೆರಳಿನಾಟದಂತೆ ಕಾಣುತ್ತದೆ, ಹಕ್ಕಿ ಹತ್ತಿರವೂ ಸುಳಿಯುವುದಿಲ್ಲ. ಲೆನ್ಸ್ ಕಂಡಿ 8 ಇಂಚು ಅಗಲ, ನೀವು ಕೂತಾಗಿನ ಕಣ್ಣಿನ ಮಟ್ಟಕ್ಕೆ. ಕಂಡಿಯ ಸುತ್ತ ಹಳೇ ಪ್ಯಾಂಟಿನ ಕಾಲು ಹೊಲಿದರೆ ಅದರೊಳಗೆ ಲೆನ್ಸ್ ತೂರಿಸಬಹುದು.

ಮರೆ ಕೆಡುವುದು ಬಟ್ಟೆ ಪಟಪಟ ಬಡಿದಾಗ. ಪ್ರತಿ ಒಂದು ಅಡಿಗೆ ಸುತಳಿ ಬಿಗಿಯಿರಿ, ಕೆಳಗಿನ ಅಂಚು ಮಡಚಿ ಕಲ್ಲು ಹೇರಿ. ಒಂದೇ ದಿನಕ್ಕೆ ತಂದು 11 ಮೀಟರಿಗೆ ನಿಲ್ಲಿಸಬೇಡಿ. ಮೊದಲ ದಿನ 30 ಮೀಟರ್, ದಿನಾ ಐದೈದು ಮೀಟರ್ ಹತ್ತಿರ, ನಾಲ್ಕೈದು ದಿನದಲ್ಲಿ ಜಾಗಕ್ಕೆ. ಮಧ್ಯಾಹ್ನ ಹಕ್ಕಿ ಇಲ್ಲದಾಗ ಸರಿಸಿ. ಹಕ್ಕಿ ಕೂರುವುದನ್ನೇ ಬಿಟ್ಟರೆ ಹಿಂದಕ್ಕೆ ಒಯ್ಯಿರಿ. ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರನ್ನು ಕೇಳಿಯೇ ಕಟ್ಟಬೇಕು.

ಮಿಂಚುಳ್ಳಿ ಯಾವ ಕೊಂಬೆಗೆ ಬರುತ್ತದೆ ಅಂತ ಕೆಳಗೆ ಬಿದ್ದ ಬಿಳಿ ಹಿಕ್ಕೆ ಹೇಳುತ್ತದೆ. ಅದರ ಪಕ್ಕ ನೀರಿನಿಂದ 3 ಅಡಿ ಎತ್ತರಕ್ಕೆ ಬಾಗಿದ ಒಣ ಕಡ್ಡಿ ಒಂದು ನೆಟ್ಟರೆ ಒಂದೆರಡು ದಿನದಲ್ಲಿ ಅದಕ್ಕೂ ಕೂರುತ್ತದೆ. ಹೆಬ್ಬೆರಳಿನಷ್ಟು ದಪ್ಪ ಸಾಕು. ಹಿಂದಿನ ದಂಡೆ ಕಡ್ಡಿಯಿಂದ 15-20 ಮೀಟರಾದರೂ ದೂರ ಇದ್ದರೆ ಹಿನ್ನೆಲೆ ಬೆಣ್ಣೆಯಂತೆ ಬರುತ್ತದೆ. ತೊಟ್ಟಿಯಲ್ಲಿ ಮೀನು ಬಿಟ್ಟು ಕರೆಯುವುದು ಬೇಡ.

ಒಳಗೆ ಹೋಗುವಾಗ ಇಬ್ಬರು ಹೋಗಿ ಒಬ್ಬರು ಹೊರಗೆ ಬಂದು ದೂರ ನಡೆದುಬಿಡಿ. ಹಕ್ಕಿ ಲೆಕ್ಕ ಇಡುವುದಿಲ್ಲ, ಮನುಷ್ಯ ಹೋದ ಅಂತ ನಂಬುತ್ತದೆ.

ಕೆಳಗೇರಿ_ದಂಡೆ

ಸುತಳಿ ಸರ, ಟ್ರೈಪಾಡ್ ಒಳಗೆ ಹಿಡಿಸುತ್ತಾ? ಮಾಗಡಿಯ ದಂಡೆಗೆ, ಕಾರಿನ ಕಿಟಕಿಗೆ ಏನು ಇಡಬೇಕು? ದೇಹಕ್ಕೆ ಮಿಲಿಟರಿ ಬಣ್ಣದ ಬಟ್ಟೆ ಬೇಕಾ?

ಸುತಳಿ_ಗೋಣಿ

ಟ್ರೈಪಾಡ್ ಹಿಡಿಸುತ್ತದೆ, ಕಾಲು ಬಿಚ್ಚಿದಷ್ಟು ನಿಮ್ಮ ಮೊಣಕಾಲಿಗೆ ಜಾಗ ಕಡಿಮೆ. ಕಾರಿಗೆ ಕಾಳು ಚೀಲ ಒಳ್ಳೆಯದು. ಹಳೇ ಜೀನ್ಸ್ ಕಾಲು 14 ಇಂಚು ಕತ್ತರಿಸಿ, ಒಂದು ಬದಿ ಹೊಲಿದು, ಇನ್ನೊಂದು ಬದಿಗೆ ಜಿಪ್ ಹಾಕಿಸಿ. ಎರಡು ಕಿಲೋ ಜೋಳ ತುಂಬಿ. ಮುಕ್ಕಾಲು ಭಾಗ ಮಾತ್ರ ತುಂಬಬೇಕು. ತುಂಬ ಬಿಗಿಯಾದರೆ ಲೆನ್ಸ್ ಕೂರುವುದಿಲ್ಲ, ಉರುಳುತ್ತದೆ. ಉಸುಕು ತುಂಬಬೇಡಿ, ಭಾರ ಹೆಚ್ಚು, ಸೀಳಿದರೆ ಲೆನ್ಸಿನ ರಿಂಗಿನೊಳಗೆ ಹೋಗುತ್ತದೆ. ತಿಂಗಳಿಗೊಮ್ಮೆ ಕಾಳು ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ನುಶಿ ಬೀಳುತ್ತದೆ.

ದಂಡೆಗೆ ಅಂಚಿರುವ ಹಳೇ ಊಟದ ತಾಟು ತಗೊಳ್ಳಿ. ನಡುವೆ ತೂತು ಕೊರೆದು 3/8 ಇಂಚಿನ ಬೋಲ್ಟ್ ಹಾಕಿ ಬಾಲ್‌ಹೆಡ್ (ಕ್ಯಾಮೆರಾ ಎತ್ತ ಬೇಕಾದರೂ ತಿರುಗಿಸುವ ಟ್ರೈಪಾಡ್ ತಲೆ) ಕೂರಿಸಿ. ಕೆಸರಿನ ಮೇಲೆ ತಾಟು ಜಾರುತ್ತಾ ಮುಂದೆ ಹೋಗುತ್ತದೆ, ಲೆನ್ಸ್ ನೀರಿನಿಂದ ಒಂದು ಗೇಣು ಎತ್ತರದಲ್ಲಿರುತ್ತದೆ. ಹಕ್ಕಿಯ ಕಣ್ಣಿಗೆ ಸಮ ಬಂದರೆ ಹಿಂದಿನ ನೀರು, ದಂಡೆ ಎಲ್ಲ ಮಸುಕಾಗಿ ಹಕ್ಕಿ ಮಾತ್ರ ನಿಲ್ಲುತ್ತದೆ. ನಿಂತು ಕೆಳಮುಖ ತೆಗೆದರೆ ಕೆಸರೇ ಹಿನ್ನೆಲೆ.

ಮಿಲಿಟರಿ ಬಣ್ಣ ಬೇಡ. ಹೊಲದ ಮಂದಿಗೆ ಅನುಮಾನ ಬರುತ್ತದೆ. ಮಣ್ಣಿನ ಬಣ್ಣದ ಅಂಗಿ, ಟೋಪಿ ಸಾಕು.

ಎರೆಹೊಲ

ಬಟ್ಟಿ ವಿಚಾರದಾಗ ನನ್ನ ಮಾತು ಸ್ವಲ್ಪ ಬ್ಯಾರೆ. ಬಿಳಿ, ಹೊಳೆಯೋ ಬಟ್ಟಿ ಒಂದ ಬಿಟ್ರ ಬಣ್ಣಕ್ಕಿಂತ ಕೈಮುಖ ಅಲುಗಾಡೂದು ಹೆಚ್ಚು ಕಾಣತೈತಿ. ಕೈಗವಸು ಹಾಕ್ರಿ, ಮುಖಕ್ಕ ಟವೆಲ್ ಸುತ್ತಿಕೊಳ್ರಿ. ಹೊಲದ ಮಾಲಕರಿಗೆ, ಊರಾಗ ಚಹಾದಂಗಡಿಯವರಿಗೆ ಮೊದಲ ಹೇಳಿ ಹೋಗ್ರಿ. ಮತ್ತೊಂದು, ಇದು ಜೀವದ ಮಾತು: ಹಂದಿ ಕಾಟಕ್ಕ ಕೆಲವರು ರಾತ್ರಿ ತಂತಿ ಬೇಲಿಗೆ ಕರೆಂಟ್ ಬಿಟ್ಟಿರ್ತಾರ. ಕತ್ತಲಾಗ ಯಾವ ತಂತಿನೂ ಮುಟ್ಟಬ್ಯಾಡ್ರಿ, ದಾಟಬ್ಯಾಡ್ರಿ. ಹಿಂದಿನ ದಿನ ಬೆಳಕಿನಾಗ ದಾರಿ ನೋಡಿಕೊಂಡು ಬಂದಿರಬೇಕು. ಬದುವಿನ ಹುಲ್ಲಾಗ ಮಲಗೂ ಮುಂಚೆ ಬ್ಯಾಟರಿ ಹಾಕಿ ನೋಡ್ರಿ, ಕೊಳಕುಮಂಡಲ ಇರ್ತಾವ.

ಹೊಸಬ_ಹಾನಗಲ್

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಬಂಕಾಪುರದಲ್ಲಿ ತೋಳ ಸಿಗುತ್ತವೆ ಅಂತ ಕೇಳಿದೆ, ಹೌದಾ? ಮೊಬೈಲ್‌ನಲ್ಲಿ ಹಕ್ಕಿ ಕೂಗು ಹಾಕಿ ಹತ್ತಿರ ಕರೆಯುವುದರ ಬಗ್ಗೆಯೂ ಹೇಳಿ.

ಶಿಗ್ಗಾಂವಿ_ಬೆಳಕು

ಬಂಕಾಪುರ ಎರಡಿವೆ. ತೋಳ ಧಾಮ ಇರುವುದು ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ. ನಮ್ಮ ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆ ನವಿಲುಧಾಮ. ನವಿಲಿಗೆ ಏಪ್ರಿಲ್‌ನಿಂದ ಜುಲೈ ಒಳ್ಳೆಯ ಕಾಲ, ಮಳೆಗಾಲ ಮುಗಿಯುವ ಹೊತ್ತಿಗೆ ಬಾಲದ ಗರಿ ಉದುರಿಬಿಡುತ್ತವೆ. ಗಂಡು ನವಿಲು ಕುಣಿಯಲು ಒಂದೇ ಬಯಲನ್ನು ಮತ್ತೆ ಮತ್ತೆ ಆರಿಸುತ್ತದೆ. ಮೊದಲ ದಿನ ಕ್ಯಾಮೆರಾ ಬಿಟ್ಟು ಕೂಗು ಕೇಳಿ ಜಾಗ ಗುರುತಿಸಿ, ಎರಡನೇ ದಿನ ಬೆಳಗಾಗುವ ಮೊದಲೇ ಅಲ್ಲಿ ಕೂರಿ. ಗರಿ ಬಿಚ್ಚಿದಾಗ ಅಗಲ ಬಹಳ, ಜೂಮ್ ಹಿಂದಕ್ಕೆ ತರದಿದ್ದರೆ ತುದಿ ಕತ್ತರಿಸಿಹೋಗುತ್ತದೆ.

ಕಪ್ಪತ_ಸೆರಗು

ಕೂಗು ಹಾಕುವುದು ಬೇಡ ತಮ್ಮಾ. ಹಕ್ಕಿ ಹತ್ತಿರ ಬರುವುದು ನಿಜ, ಯಾಕೆ ಬರುತ್ತದೆ ಅನ್ನುವುದು ನೋಡಬೇಕು. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ ಜಗಳಕ್ಕೆ ಬರುತ್ತದೆ. ಮೇಯುವ ಹೊತ್ತು, ಮರಿಗೆ ಉಣಿಸುವ ಹೊತ್ತು ಅಲ್ಲಿ ಕಳೆಯುತ್ತದೆ. ಬೆಳಿಗ್ಗೆ ಹತ್ತು ಜನ ಬಂದು ಹತ್ತು ಸಲ ಹಾಕಿದರೆ ಹಕ್ಕಿ ಆ ಜಾಗವನ್ನೇ ಬಿಡುತ್ತದೆ.

ಗೂಡಿನ ಮಾತೂ ಇದೇ. ಕಾಯ್ದೆಯಲ್ಲಿ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಟಿಟ್ಟಿಭ ಬರೀ ನೆಲದ ಕಲ್ಲುಗಳ ನಡುವೆ ನಾಲ್ಕು ಮೊಟ್ಟೆ ಇಡುತ್ತದೆ. ಏಪ್ರಿಲ್ ಬಿಸಿಲಿಗೆ ತಾಯಿ ಹೊಟ್ಟೆಯ ಗರಿ ನೀರಲ್ಲಿ ನೆನೆಸಿ ತಂದು ಮೊಟ್ಟೆ ತಂಪು ಮಾಡುತ್ತದೆ. ನೀವು ಅಲ್ಲಿ ನಿಂತಷ್ಟು ಹೊತ್ತು ಅದು ಮೇಲೆ ಕೂಗಾಡುತ್ತಾ ಹಾರುತ್ತದೆ, ಕೆಳಗೆ ಮೊಟ್ಟೆ ಬೇಯುತ್ತದೆ. ತಲೆಯ ಮೇಲೆ ಟಿಟ್ಟಿಭ ಸುತ್ತಿದರೆ ನಿಂತಲ್ಲಿಂದಲೇ ಕಾಲ ಬುಡ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂತಿರುಗಿ.

ಬೇಸಿಗೆಯಲ್ಲಿ ನೀರಿನ ಗುಂಡಿಗೆ ಕಾದು ಕೂರುವುದಾದರೆ ಸುತ್ತ ಬೇರೆ ನೀರಿದೆಯೇ ಅಂತ ಮೊದಲು ನೋಡಿ. ಅದೊಂದೇ ಇದ್ದರೆ ಅಲ್ಲಿ ಕೂರಬೇಡಿ. ಪ್ರಾಣಿ ನಿಮ್ಮನ್ನು ಕಂಡು ನೀರು ಕುಡಿಯದೇ ಹೋಗುತ್ತದೆ. ಚಿತ್ರ ಹಾಕುವಾಗ ಫೈಲಿನಲ್ಲಿರುವ ಜಿಪಿಎಸ್ ಅಳಿಸಿ. ತಾಲೂಕಿನ ಹೆಸರು ಬರೆದರೆ ಸಾಕು.

ಕೆಳಗೇರಿ_ದಂಡೆ

ಎಲ್ಲರ ಮಾತೂ ಬರೆದಿಟ್ಟುಕೊಂಡೆ. ಕೊನೆಗೊಂದು ಪ್ರಶ್ನೆ. ಈ ಭಾನುವಾರ ಮಾಗಡಿಗೆ ಹೊರಡುತ್ತಿದ್ದೇನೆ. ಚಳಿಗೆ ಲೆನ್ಸ್ ಮೇಲೆ ಮಂಜು ಕೂರುತ್ತೆ ಅಂತಾರೆ, ಏನು ಮಾಡಬೇಕು?

ಮುಳಗುಂದ_ನಾಕಾ

ಮಂಜು ಕೂರುವುದು ಗಾಜು ಗಾಳಿಗಿಂತ ತಣ್ಣಗಿದ್ದಾಗ. ಏಸಿ ಹಾಕಿಕೊಂಡು ಬಂದು ಬ್ಯಾಗ್ ತೆಗೆದರೆ ಕೂಡಲೇ ಕೂರುತ್ತದೆ. ಬ್ಯಾಗನ್ನು ಹಿಂದಿನ ರಾತ್ರಿ ಏಸಿ ಇಲ್ಲದ ಕೋಣೆಯಲ್ಲಿಡಿ, ಕಾರಿನಲ್ಲೂ ಏಸಿ ಬೇಡ. ಕೆರೆ ದಂಡೆಯಲ್ಲಿ ಗಾಜು ಆಕಾಶಕ್ಕೆ ಬಿಚ್ಚಿಕೊಂಡು ಬಹಳ ಹೊತ್ತು ಇದ್ದರೂ ಇಬ್ಬನಿ ಹಿಡಿಯುತ್ತದೆ. ಹಕ್ಕಿ ಬರುವವರೆಗೆ ಹುಡ್ ಹಾಕಿ, ಮೇಲೊಂದು ಒಣ ಟವೆಲ್ ಹೊದಿಸಿ. ಮಂಜು ಕೂತರೂ ಬಾಯಿಂದ ಊದಬೇಡಿ, ಇನ್ನಷ್ಟು ತೇವ ಆಗುತ್ತದೆ. ಮೈಕ್ರೋಫೈಬರ್ ಬಟ್ಟೆ ಎರಡು ಇಟ್ಟುಕೊಳ್ಳಿ, ಒಂದು ಒದ್ದೆಯಾದರೆ ಇನ್ನೊಂದು. ಕೆರೆ ಮೇಲೆ ಮಂಜು ದಟ್ಟವಾಗಿದ್ದರೆ ಲೆನ್ಸ್ ಫೋಕಸ್ ಹಿಡಿಯದೆ ಹಿಂದೆ ಮುಂದೆ ಓಡುತ್ತದೆ. ಆಗ 50 ಮೀಟರ್ ದೂರದ ಒಂದು ಜಾಲಿ ಕೊಂಬೆಗೆ ಫೋಕಸ್ ಹಿಡಿದು, ಲೆನ್ಸಿನ ಫೋಕಸ್ ಮಿತಿಯ ಗುಂಡಿಯನ್ನು ದೂರದ ಕಡೆಗೆ ತಳ್ಳಿ ಬಿಡಿ.

ಭಾನುವಾರ ಜನ ಹೆಚ್ಚು. 9 ಗಂಟೆಯ ಮೇಲೆ ಏರಿಯ ಮೇಲೆ ಓಡಾಟ ಶುರುವಾದರೆ ಹಿಂಡು ದೂರದ ದಂಡೆಗೆ ಸರಿಯುತ್ತದೆ. ಆಗುವುದಾದರೆ ಮಂಗಳವಾರವೋ ಬುಧವಾರವೋ ಬನ್ನಿ. ಅಲ್ಲಿರುವ ಅರಣ್ಯ ಇಲಾಖೆ ಸಿಬ್ಬಂದಿಯನ್ನು ಕಂಡು, ಹಿಂಡು ಈಗ ಯಾವ ಹೊಲದ ಕಡೆಯಿಂದ ಬರುತ್ತಿದೆ ಅಂತ ಕೇಳಿ. ಕಡ್ಲಿ, ಶೇಂಗಾ ಹೊಲ ಖಾಲಿಯಾದಂತೆ ಬರುವ ದಿಕ್ಕು ವಾರಕ್ಕೊಮ್ಮೆ ಬದಲಾಗುತ್ತದೆ.